‘ಮನೆಗೆ ಕರ್ಕೊಂಡು ಹೋಗಿ’ ಎಂದ ಮೇಲೆ

“ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ.” ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ನಿಂತು ಈ ಮಾತು ಕೇಳಿಸಿಕೊಂಡವರು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನ ಊರೂರಲ್ಲೂ ಸಿಗುತ್ತಾರೆ. ಬಾಯಿ ಕ್ಯಾನ್ಸರ್ ಗಂಟಲಿಗೆ ಇಳಿದವರು, ಗರ್ಭಕೊರಳಿನ ಕ್ಯಾನ್ಸರ್ ತಡವಾಗಿ ತಿಳಿದವರು, ಎರಡೂ ಕಿಡ್ನಿ ಕೈಕೊಟ್ಟವರು, ಎರಡನೇ ಸಲ ಸ್ಟ್ರೋಕ್ ಹೊಡೆದು ಹಾಸಿಗೆ ಹಿಡಿದವರು. ಆಸ್ಪತ್ರೆಯವರು ಕೊಡುವುದು ಒಂದು ಡಿಸ್ಚಾರ್ಜ್ ಸಮ್ಮರಿ, ಒಂದು ಚೀಲ ಮಾತ್ರೆ, ಸ್ಕ್ಯಾನಿಂಗಿನ ದೊಡ್ಡ ಕವರು. ಮನೆ ಸೇರಿದ ಮೊದಲ ರಾತ್ರಿ ಏನು ಮಾಡಬೇಕು ಎಂದು ತಿಳಿಸುವ ಕಾಗದ ಆ ಕವರಿನಲ್ಲಿ ಇರುವುದು ಅಪರೂಪ. ಈ ಲೇಖನ ಆ ರಾತ್ರಿಗಾಗಿ. ಹೆಚ್ಚಾಗಿ ಹಾಸಿಗೆಯ ಪಕ್ಕದಲ್ಲಿ ಕೂರುವವರಿಗಾಗಿ.

‘ಕೈಯಲ್ಲಿ ಏನೂ ಇಲ್ಲ’ ಎಂಬ ಮಾತನ್ನು ಮೊದಲು ಸ್ವಲ್ಪ ತಿದ್ದಿಕೊಳ್ಳಬೇಕು. ರೋಗವನ್ನು ವಾಸಿಮಾಡುವುದು ಕೈಯಲ್ಲಿಲ್ಲ, ನಿಜ. ಆದರೆ ನೋವು, ಏದುಸಿರು, ವಾಂತಿ, ಮಲಬದ್ಧತೆ, ಬೆನ್ನಹುಣ್ಣು, ನಿದ್ದೆಗೇಡು ಇವುಗಳಲ್ಲಿ ಹೆಚ್ಚಿನದನ್ನು ತಗ್ಗಿಸಬಹುದು, ಅದೂ ಮನೆಯಲ್ಲೇ. ಇದಕ್ಕೆ ಉಪಶಮನ ಆರೈಕೆ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ‘ಪ್ಯಾಲಿಯೇಟಿವ್ ಕೇರ್’ ಎಂದೇ ಕೇಳಿ, ಬೇಗ ಅರ್ಥವಾಗುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್ ಇದಕ್ಕೊಂದು ಶಿಸ್ತು ತಂದರು. ಸಾಯುವವರ ನೋವಿನಲ್ಲಿ ಮೈಯ ನೋವಿನ ಜೊತೆಗೆ ಮನಸ್ಸಿನದು, ಸಂಸಾರದ್ದು, ದುಡ್ಡಿನದ್ದೂ ಸೇರಿರುತ್ತದೆ ಎಂದು ಹೇಳಿದವರು ಅವರೇ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ, ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಕೇಂದ್ರ ಸರ್ಕಾರ 2012ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು. ಇಂದು ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರ ಕೊಡಬೇಕಾದ 12 ಬಗೆಯ ಸೇವೆಗಳ ಪಟ್ಟಿಯಲ್ಲಿ ಉಪಶಮನ ಆರೈಕೆಯೂ ಇದೆ. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಮನೆಬಾಗಿಲಿಗೆ ಬರುವುದಿಲ್ಲ. ನೀವು ಕೇಳಬೇಕು.

ಅವರ ನೋವು, ನಿಮ್ಮ ನಿದ್ದೆ

ಮನೆಯವರು ಸೋತುಹೋಗುವುದು ಕೆಲಸ ಹೆಚ್ಚಾಗಿ ಎಂದು ನಾವು ತಿಳಿಯುತ್ತೇವೆ. ಹೊಲದಲ್ಲಿ ಶೇಂಗಾ ಕಿತ್ತು, ಮಗ್ಗದ ಮುಂದೆ ದಿನವಿಡೀ ಕೂತು ಬೆಳೆದವರಿಗೆ ಕೆಲಸ ಹೊಸದಲ್ಲ. ಸೋಲಿಸುವುದು ರಾತ್ರಿ. ಎರಡು ಗಂಟೆಗೆ ನರಳಾಟ ಶುರುವಾಗುತ್ತದೆ. ಎದ್ದು ದೀಪ ಹಾಕಿ, ಮಾತ್ರೆ ಹುಡುಕಿ, ನೀರು ಕುಡಿಸಿ, ಅದು ಹಿಡಿಯುವವರೆಗೆ ಕಾಲೊತ್ತುತ್ತ ಕೂರಬೇಕು. ಕಣ್ಣು ಮುಚ್ಚುವಷ್ಟರಲ್ಲಿ ನೀರು ಬರುವ ಹೊತ್ತಾಗಿರುತ್ತದೆ. ಹೀಗೆ ಹತ್ತು ಹದಿನೈದು ರಾತ್ರಿ ಕಳೆದರೆ ಯಾರಿಗೇ ಆದರೂ ಸಿಟ್ಟು ಬರುತ್ತದೆ. ಸಿಟ್ಟು ಮಾಡಿಕೊಂಡೆನಲ್ಲ ಎಂಬ ಸಂಕಟ ಅದರ ಹಿಂದೆಯೇ ಬರುತ್ತದೆ. ಇದನ್ನು ಕಂಡ ರೋಗಿ ‘ಪಾಪ, ಇವಳಿಗ್ಯಾಕೆ ತೊಂದರೆ’ ಎಂದು ನೋವು ಮುಚ್ಚಿಡಲು ಶುರುಮಾಡುತ್ತಾರೆ. ಮುಚ್ಚಿಟ್ಟ ನೋವು ಮೂರು ಪಟ್ಟಾಗಿ ನಡುರಾತ್ರಿ ಸಿಡಿಯುತ್ತದೆ.

ಆದ್ದರಿಂದ ಆರೈಕೆ ಮಾಡುವವರ ಭಾರ ಇಳಿಸುವ ಮೊದಲ ಮದ್ದು ರೋಗಿಯ ನೋವಿನ ಮದ್ದೇ. ‘ಧೈರ್ಯ ತಂದ್ಕೊಳ್ಳಮ್ಮ’ ಎಂಬ ಮಾತು ಆಮೇಲೆ.

1. ಆಸ್ಪತ್ರೆಯ ಗೇಟು ದಾಟುವ ಮುನ್ನ

ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿ.ಮೀ. ಮೊಳಕಾಲ್ಮುರಿನವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಮರೆತ ಪ್ರಶ್ನೆ ಕೇಳಲು ಮತ್ತೆ ಹೋಗುವುದು ಸುಲಭವಲ್ಲ, ಹಾಗಾಗಿ ಹೊರಡುವ ಮೊದಲೇ ಕೇಳಿ, ಬರೆದುಕೊಳ್ಳಿ:

– ಇನ್ನು ಮುಂದೆ ಏನೇನು ಆಗಬಹುದು? ರಕ್ತ ಬರಬಹುದೇ, ಫಿಟ್ಸ್ ಬರಬಹುದೇ, ಉಸಿರು ಕಟ್ಟಬಹುದೇ? ಬಂದರೆ ಮನೆಯಲ್ಲಿ ಮೊದಲು ಏನು ಮಾಡಬೇಕು?
– ಯಾವ ಮಾತ್ರೆ ಗಡಿಯಾರ ನೋಡಿ ಕೊಡಬೇಕು, ಯಾವುದು ಬೇಕಾದಾಗ ಮಾತ್ರ? ಯಾವುದನ್ನು ಇನ್ನು ನಿಲ್ಲಿಸಬಹುದು?
– ನೋವಿನ ಮಾತ್ರೆ ಮುಗಿದರೆ ಎಲ್ಲಿ ಸಿಗುತ್ತದೆ, ಯಾರು ಹೋದರೂ ಕೊಡುತ್ತಾರೆಯೇ?
– ರಾತ್ರಿ ಹೊತ್ತು ಫೋನ್ ಮಾಡಬಹುದಾದ ನಂಬರ್ ಯಾವುದು?
– ನಮ್ಮೂರಿನ ಆರೋಗ್ಯ ಕೇಂದ್ರದ ವೈದ್ಯರಿಗೆ, ತಾಲ್ಲೂಕು ಆಸ್ಪತ್ರೆಗೆ ಒಂದು ಪತ್ರ ಬರೆದುಕೊಡುತ್ತೀರಾ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಆ ಪತ್ರವಿದ್ದರೆ ಊರಿನ ವೈದ್ಯರು ಧೈರ್ಯವಾಗಿ ಔಷಧ ಮುಂದುವರಿಸುತ್ತಾರೆ. ಇಲ್ಲದಿದ್ದರೆ ಎಲ್ಲರೂ ‘ಬೆಂಗಳೂರಿಗೇ ಹೋಗಿ’ ಎನ್ನುತ್ತಾರೆ. ಊರಿಗೆ ಬಂದ ವಾರದೊಳಗೆ ಆಶಾ ಕಾರ್ಯಕರ್ತೆಯನ್ನು ಕರೆದು ವಿಷಯ ತಿಳಿಸಿ. ಗಾಯ ತೊಳೆದು ಕಟ್ಟುವುದು, ಮೂತ್ರದ ಕ್ಯಾತಿಟರ್ ನೋಡಿಕೊಳ್ಳುವುದು, ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವುದು, ಇವನ್ನೆಲ್ಲ ನರ್ಸ್ ಒಂದು ಸಲ ಮನೆಗೆ ಬಂದು ಮಾಡಿತೋರಿಸಿದರೆ ಮುಂದೆ ಆಟೋ ಬಾಡಿಗೆ ಎಷ್ಟೋ ಉಳಿಯುತ್ತದೆ.

2. ನೋವಿನ ಮಾತ್ರೆ: ನೋವು ನೋಡಿ ಅಲ್ಲ, ಗಡಿಯಾರ ನೋಡಿ

ಹೆಚ್ಚು ತಪ್ಪಾಗುವುದು ಇಲ್ಲೇ. ‘ನೋವು ತಡೆಯೋಕಾಗದೇ ಇದ್ದಾಗ ಕೊಟ್ಟರಾಯ್ತು, ಸುಮ್ಮನೆ ಯಾಕೆ ಮಾತ್ರೆ’ ಎಂಬುದು ಬಹಳ ಮನೆಗಳ ಲೆಕ್ಕ. ಆದರೆ ಬಣವೆಗೆ ಬಿದ್ದ ಕಿಡಿ ಕಿಡಿಯಾಗಿದ್ದಾಗ ಒಂದು ಚೊಂಬು ನೀರಿಗೆ ಆರುತ್ತದೆ, ಬಣವೆ ಹೊತ್ತಿಕೊಂಡ ಮೇಲೆ ಟ್ಯಾಂಕರೇ ಬರಬೇಕು. ನೋವೂ ಹಾಗೆ. ಒಂದು ಡೋಸಿನ ಶಕ್ತಿ ಇಳಿಯುವ ಮೊದಲೇ ಮುಂದಿನದು ಹೊಟ್ಟೆ ಸೇರಿದರೆ ನೋವು ತಲೆ ಎತ್ತುವುದಿಲ್ಲ. ಒಟ್ಟು ಬೇಕಾಗುವ ಔಷಧವೂ ಕಡಿಮೆಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ದಾರಿ ಹೇಳಿತು: ಮೊದಲು ಪ್ಯಾರಾಸಿಟಮಾಲ್‌ನಂಥವು, ಸಾಲದಿದ್ದರೆ ಟ್ರಮಡಾಲ್‌ನಂಥವು, ಅದೂ ಸಾಲದಿದ್ದರೆ ಮಾರ್ಫಿನ್. ನುಂಗುವ ಸಾದಾ ಮಾರ್ಫಿನ್ ಮಾತ್ರೆ ಅರ್ಧ ಗಂಟೆಯೊಳಗೆ ಕೆಲಸ ಶುರುಮಾಡಿ ಸುಮಾರು 4 ಗಂಟೆ ಇರುತ್ತದೆ. ಅದಕ್ಕೇ ವೈದ್ಯರು ‘ನಾಲ್ಕು ಗಂಟೆಗೊಂದು’ ಎಂದು ಬರೆಯುವುದು. ಮಲಗುವಾಗಿನ ಡೋಸನ್ನು ಹೇಗೆ ಹೊಂದಿಸಿದರೆ ನಡುರಾತ್ರಿ ಎಬ್ಬಿಸಬೇಕಾಗಿಲ್ಲ ಎಂದು ಅವರನ್ನೇ ಕೇಳಿ. ಅದಕ್ಕೆ ದಾರಿ ಇದೆ.

ಮಾರ್ಫಿನ್ ಎಂದ ಕೂಡಲೇ ಮನೆಯವರು ಹೆದರುತ್ತಾರೆ. ‘ಅಭ್ಯಾಸ ಆಗಿಬಿಡುತ್ತೆ’, ‘ಇದು ಕೊಟ್ರೆ ಬೇಗ ಹೋಗ್ತಾರೆ.’ ವೈದ್ಯರು ಹೇಳಿದ ಪ್ರಮಾಣದಲ್ಲಿ, ನೋವಿಗಾಗಿಯೇ ಕೊಟ್ಟಾಗ ಎರಡೂ ಭಯಕ್ಕೆ ಆಧಾರ ತೀರಾ ಕಡಿಮೆ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ತಾನೇ ಇಳಿಯುತ್ತದೆ. ಇಳಿಯದೇ ಉಳಿಯುವುದು ಮಲಬದ್ಧತೆ. ಆದ್ದರಿಂದ ಮಾರ್ಫಿನ್ ಬರೆದ ದಿನವೇ ಮಲ ಸಡಿಲಿಸುವ ಮಾತ್ರೆಯನ್ನೂ ಬರೆಸಿಕೊಳ್ಳಿ, ತಪ್ಪದೇ ಕೊಡಿ. ನಾಲ್ಕು ದಿನ ಮಲ ಹೋಗದ ಹೊಟ್ಟೆನೋವನ್ನು ಕ್ಯಾನ್ಸರ್ ಹೆಚ್ಚಾಯಿತೆಂದು ತಿಳಿದು ಬೆಂಗಳೂರಿಗೆ ಕಾರು ಮಾಡಿಕೊಂಡು ಹೋಗುವವರಿದ್ದಾರೆ.

ಈ ಮಾತ್ರೆ ಎಲ್ಲ ಮೆಡಿಕಲ್ ಸ್ಟೋರುಗಳಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾನೂನು ಬಿಗಿಯಾಗಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಟ್ಟುಕೊಂಡು ಕೊಡಲು ದಾರಿ ಮಾಡಿತು. ಆದರೂ ಸಣ್ಣ ಊರಿನವರಿಗೆ ಅಲೆದಾಟ ತಪ್ಪಿಲ್ಲ. ದೇಶದ ಡ್ರೋನುಗಳನ್ನು ಹಾರಿಸಿ ಪರೀಕ್ಷಿಸುವ ಮೈದಾನ ಇರುವ ತಾಲ್ಲೂಕು ಚಳ್ಳಕೆರೆ. ಅಲ್ಲಿನವರು ಒಂದು ಪಟ್ಟಿ ನೋವಿನ ಮಾತ್ರೆಗೆ ಬೆಂಗಳೂರಿನ ಬಸ್ಸು ಹತ್ತಬೇಕಾಗಿ ಬಂದರೆ ಅದು ನಾವು ಕೇಳಬೇಕಾದ ಪ್ರಶ್ನೆ. ಸದ್ಯಕ್ಕೆ: ಮಾತ್ರೆ ಹತ್ತು ದಿನಕ್ಕಾಗುವಷ್ಟು ಉಳಿದಿರುವಾಗಲೇ ಮುಂದಿನದಕ್ಕೆ ಏರ್ಪಾಡು ಮಾಡಿ. ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಹೋಗುವ ಮೊದಲು ಫೋನಿನಲ್ಲಿ ವಿಚಾರಿಸಿ. ಚೀಟಿಯ ಜೆರಾಕ್ಸ್ ಮಾತ್ರೆಯ ಜೊತೆಯೇ ಇರಲಿ.

ಎಚ್ಚರಿಕೆಗಳು. ಮಾರ್ಫಿನ್ ಬೀಗದೊಳಗೆ, ಮಕ್ಕಳಿಗೂ ಕುಡಿತದ ಚಟ ಇರುವವರಿಗೂ ಸಿಗದಂತೆ ಇರಲಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾದರೆ ಪುಡಿ ಮಾಡಬಾರದು. ಹಠಾತ್ತನೆ ನಿಲ್ಲಿಸಬಾರದು. ಕಿಡ್ನಿ ಕೆಟ್ಟವರಿಗೆ ಮಾರ್ಫಿನ್ ಮೈಯಲ್ಲಿ ಉಳಿದುಬಿಡುತ್ತದೆ, ಆ ಮಾತು ವೈದ್ಯರಿಗೆ ನೆನಪಿಸಿ. ಎಬ್ಬಿಸಿದರೂ ಏಳದಂಥ ಮಂಪರು, ತೀರಾ ನಿಧಾನದ ಉಸಿರು ಕಂಡರೆ ಮುಂದಿನ ಡೋಸು ಕೊಡದೆ ಕೂಡಲೇ ಫೋನ್ ಮಾಡಿ. ಹಾಗೆಯೇ ಊರಿನಲ್ಲಿ ಯಾರೋ ಹಾಕುವ ‘ನೋವಿನ ಇಂಜೆಕ್ಷನ್’ ಹೆಚ್ಚಾಗಿ ಡೈಕ್ಲೋಫಿನಾಕ್. ದಿನವೂ ಹಾಕಿಸಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿಗೆ ಪೆಟ್ಟು.

ಒಂದು ನೋಟ್‌ಬುಕ್ ಇಡಿ. ಗಂಟೆ, ಮಾತ್ರೆ, ನೋವು ಹತ್ತಕ್ಕೆ ಎಷ್ಟು, ಮಲ ಹೋಯಿತೇ, ಇಷ್ಟೇ ನಾಲ್ಕು ಕಾಲಂ. ಓದು ಬಾರದವರು ಗಂಟೆಗೊಂದು ಗೆರೆ ಎಳೆದರೂ ಸಾಕು. ಬೇರೆಯವರು ನಿಮ್ಮ ಜಾಗದಲ್ಲಿ ಕೂರಬೇಕಾದರೆ ಈ ಪುಸ್ತಕವೇ ಅವರಿಗೆ ದಾರಿ ತೋರಿಸುವುದು.

3. ಮೈ, ಬಾಯಿ, ಉಸಿರು

ಬೆನ್ನಹುಣ್ಣು ಆಗುವುದು ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕು, ರಕ್ತ ಓಡಾಡದೆ. ಆದ್ದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟ, ಹಿಮ್ಮಡಿ, ಭುಜ ದಿನಕ್ಕೊಮ್ಮೆ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅಲ್ಲಿ ಹುಣ್ಣು ಶುರುವಾಗುತ್ತಿದೆ ಎಂದರ್ಥ. ಆ ಜಾಗ ತಿಕ್ಕಬೇಡಿ, ಅದರ ಮೇಲೆ ಭಾರ ಬೀಳದಂತೆ ಮಲಗಿಸಿ. ಏರ್ ಬೆಡ್ ಸಿಕ್ಕರೆ ಒಳ್ಳೆಯದು, ಕೊಳ್ಳುವ ಮೊದಲು ಬಾಡಿಗೆಗೆ ವಿಚಾರಿಸಿ. ಚಳ್ಳಕೆರೆಯ ಕಂಬಳಿಗೆ ಹೆಸರಿದೆ, ಆದರೆ ಕಾಯಿಲೆಯ ತೆಳು ಚರ್ಮಕ್ಕೆ ಅದು ಒರಟು. ಮೇಲೆ ಹಳೆಯ ಪಂಚೆಯನ್ನೋ ನೂಲಿನ ಸೀರೆಯನ್ನೋ ಸುಕ್ಕಿಲ್ಲದೆ ಹಾಸಿ. ರೋಗಿಯನ್ನು ಕಂಕುಳಿಗೆ ಕೈಹಾಕಿ ಎತ್ತಬೇಡಿ. ಕೆಳಗಿನ ದುಪ್ಪಟಿಯನ್ನೇ ಎರಡೂ ಕಡೆಯಿಂದ ಇಬ್ಬರು ಹಿಡಿದು ಜರುಗಿಸಿ, ನಿಮ್ಮ ಸೊಂಟವೂ ಉಳಿಯುತ್ತದೆ.

ಬಾಯಿಗೆ: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ, ಆಗದಿದ್ದರೆ ಮೆತ್ತನೆ ಬಟ್ಟೆ ಅದ್ದಿ ಒರೆಸಿ. ಕೊಳೆತ ಗಾಯದ ವಾಸನೆ ಮನೆಮಂದಿಯನ್ನು ದೂರ ಮಾಡುತ್ತದೆ, ರೋಗಿಗೆ ಅದು ನೋವಿಗಿಂತ ದೊಡ್ಡ ಅವಮಾನ. ಇದಕ್ಕೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯನ್ನು ಗಾಯಕ್ಕೆ ಹಾಕುವ ರೂಢಿ ಉಪಶಮನ ಆರೈಕೆಯಲ್ಲಿದೆ. ವೈದ್ಯರನ್ನು ಕೇಳಿ ಮಾಡಿ. ನೊಣ ಕೂರದಂತೆ ಹಗಲಿನಲ್ಲೂ ಸೊಳ್ಳೆಪರದೆ ಕಟ್ಟಿ.

ಏದುಸಿರು ಬಂದಾಗ ಮಲಗಿಸದೆ ದಿಂಬು ಒರಗಿಸಿ ಕೂರಿಸಿ. ಟೇಬಲ್ ಫ್ಯಾನಿನ ಗಾಳಿ ಮುಖಕ್ಕೇ ಬೀಳಲಿ. ಕೆನ್ನೆಗೆ ತಣ್ಣನೆ ಗಾಳಿ ತಾಗಿದರೆ ಉಸಿರು ಕಟ್ಟಿದ ಭಾವ ತಗ್ಗುತ್ತದೆ, ಇದು ಪರೀಕ್ಷಿಸಿ ಕಂಡುಕೊಂಡ ಸಂಗತಿ. ಕರೆಂಟು ಹೋದರೆ ಬೀಸಣಿಗೆ. ಸುತ್ತ ಹತ್ತು ಜನ ಮುತ್ತಿಕೊಂಡು ನಿಂತಿದ್ದರೆ ಅವರನ್ನು ಆಚೆ ಕಳಿಸುವುದೂ ಚಿಕಿತ್ಸೆಯೇ.

4. ಊಟ, ಗ್ಲೂಕೋಸ್ ಬಾಟ್ಲಿ

‘ಏನೂ ತಿಂತಾ ಇಲ್ಲ’ ಎಂಬುದು ಮನೆಯವರ ದೊಡ್ಡ ದುಃಖ, ದಿನವೂ ನಡೆಯುವ ಜಗಳ. ರೋಗ ಕೊನೆಯ ಹಂತ ತಲುಪಿದಾಗ ಮೈ ಅನ್ನವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ತಿನ್ನದೇ ಇದ್ದುದಕ್ಕೆ ರೋಗ ಹೆಚ್ಚಿದ್ದಲ್ಲ, ರೋಗ ಹೆಚ್ಚಿದ್ದಕ್ಕೆ ಹಸಿವು ಹೋದದ್ದು. ಬಲವಂತ ಬೇಡ. ರಾಗಿ ಅಂಬಲಿ, ಮಜ್ಜಿಗೆ, ತೆಳು ಗಂಜಿ, ಎರಡು ಚಮಚ ಪಾಯಸ, ಕೇಳಿದ್ದನ್ನು ಕೇಳಿದಾಗ, ಸಣ್ಣ ಬಟ್ಟಲಿನಲ್ಲಿ. ಮಿಕ್ಕಿದರೆ ‘ಅಯ್ಯೋ, ಬಿಟ್ರಾ’ ಎನ್ನದಿರುವುದು ಮುಖ್ಯ. ಪಥ್ಯದ ಹೆಸರಿನಲ್ಲಿ ಇಷ್ಟದ್ದನ್ನೆಲ್ಲ ಕಿತ್ತುಕೊಳ್ಳುವುದಕ್ಕೂ ಈ ಹಂತದಲ್ಲಿ ಅರ್ಥವಿಲ್ಲ. ಕಿಡ್ನಿ ರೋಗಿಗಳ ನೀರು, ಉಪ್ಪಿನ ವಿಷಯ ಮಾತ್ರ ವೈದ್ಯರನ್ನು ಕೇಳಿ.

ಮುಂದಿನದು ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿ, ಎದ್ದು ಕೂರ್ತಾರೆ’ ಎಂಬ ನೆಂಟರ ಸಲಹೆ. ಶೇ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಎರಡು ಲೋಟ ಸಿಹಿ ಕಾಫಿಯಲ್ಲಿ ಅಷ್ಟು ಬರುತ್ತದೆ. ವಾಂತಿಭೇದಿಯಾಗಿ ನೀರು ಬತ್ತಿದವರಿಗೆ ಡ್ರಿಪ್ ಜೀವ ಉಳಿಸುತ್ತದೆ, ಅದು ಬೇರೆ ಮಾತು. ಕೊನೆಯ ದಿನಗಳಲ್ಲಿ ಏರಿಸಿದ ನೀರು ಕಾಲಿಗೆ, ಶ್ವಾಸಕೋಶಕ್ಕೆ ಇಳಿದು ಊತ, ಗೊರಗೊರ ಹೆಚ್ಚಿಸುತ್ತದೆ. ಡ್ರಿಪ್ ನೆಂಟರ ಸಮಾಧಾನಕ್ಕಾದರೆ, ಸೂಜಿ ಚುಚ್ಚಿಸಿಕೊಳ್ಳುವುದು ರೋಗಿ ಎಂದು ನೆನಪಿಡಿ.

5. ಹೇಳುವುದೇ, ಬೇಡವೇ

ಡಾಕ್ಟರನ್ನು ಪಕ್ಕಕ್ಕೆ ಕರೆದು ‘ಅವರಿಗೆ ಹೇಳ್ಬೇಡಿ ಸಾರ್’ ಎನ್ನುವುದು ನಮ್ಮಲ್ಲಿ ಪ್ರೀತಿಯ ರೂಢಿ. ಆದರೆ ಹಾಸಿಗೆಯಲ್ಲಿರುವವರಿಗೆ ತಮ್ಮ ಮೈಯ ಸುದ್ದಿ ಎಲ್ಲರಿಗಿಂತ ಮೊದಲು ತಿಳಿದಿರುತ್ತದೆ. ಅವರೂ ನಾಟಕವಾಡುತ್ತಾರೆ, ನೀವೂ ಆಡುತ್ತೀರಿ. ಆರೈಕೆಯ ಭಾರಕ್ಕೆ ನಾಟಕದ ಭಾರವೂ ಸೇರುತ್ತದೆ. ಹಾಗೆಂದು ಒಂದೇ ಸಲಕ್ಕೆ ಎಲ್ಲವನ್ನೂ ಒಪ್ಪಿಸಿಬಿಡಬೇಕಿಲ್ಲ. ಅವರು ಎಷ್ಟು ಕೇಳುತ್ತಾರೋ ಅಷ್ಟು.

“ನಂಗೆ ವಾಸಿ ಆಗುತ್ತೇನಮ್ಮ?” ಎಂದು ಮಾವ ಕೇಳಿದರೆ, “ಏನೂ ಆಗಲ್ಲ ಬಿಡಿ ಮಾವ” ಎಂದು ಬಾಯಿ ಮುಚ್ಚಿಸುವ ಬದಲು, “ನಿಮಗೆ ಏನನ್ಸುತ್ತೆ ಮಾವ?” ಎಂದು ಕೇಳಿ ಸುಮ್ಮನೆ ಕೂರಿ. ಮುಂದಿನ ಮಾತು ಅವರೇ ಆಡುತ್ತಾರೆ. ಅದು ಸಾವಿನ ಮಾತೇ ಆಗಬೇಕೆಂದಿಲ್ಲ. ಬಾವಿಯ ಪಾಲು, ಯಾರದೋ ಬಾಕಿ ಸಾಲ, ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹೊತ್ತ ಹರಕೆ, ಮಾತುಬಿಟ್ಟ ತಮ್ಮನನ್ನು ನೋಡುವ ಆಸೆ. ಇವು ಬಗೆಹರಿದ ಮೇಲೆ ರಾತ್ರಿಯ ಚಡಪಡಿಕೆ ತಗ್ಗುವುದುಂಟು. ಮೊಳಕಾಲ್ಮುರು ಕಡೆ ಬಹಳ ಮನೆಗಳ ಮನೆಮಾತು ತೆಲುಗು. ನೋವು ಎಲ್ಲಿ, ಹೇಗೆ ಎಂದು ಕೇಳುವುದು ಮನೆಮಾತಿನಲ್ಲೇ ಆಗಲಿ. ಚುಚ್ಚುವ ನೋವು, ಉರಿಯುವ ನೋವು, ಸೆಳೆಯುವ ನೋವು ಇವಕ್ಕೆ ಔಷಧ ಬೇರೆ ಬೇರೆ. ಆಸ್ಪತ್ರೆಗೆ ಹೋದಾಗ ಈ ವ್ಯತ್ಯಾಸ ಹೇಳಬಲ್ಲವರು ಜೊತೆಗಿರಲಿ.

6. ಸರದಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯರಿಗೆ ವಿಧೇಯರಾಗಿ ನಡೆಯಬೇಕೆಂಬ ಆಜ್ಞೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಈ ನೆಲದ ಬಂಡೆಯಲ್ಲಿ ಕೊರೆಯಲ್ಪಟ್ಟಿದೆ. ಆ ಸೇವೆಯನ್ನು ಮನೆಯಲ್ಲಿ ಯಾರ ಕೈಗೆ ಹಾಕಲಾಗುತ್ತದೆ ಎಂಬುದು ಮಾತ್ರ ಯಾವ ಬಂಡೆಯ ಮೇಲೂ ಇಲ್ಲ. ಹೆಂಡತಿ, ಸೊಸೆ, ಮದುವೆಯಾಗದ ಮಗಳು. ಮಗ ಬೆಂಗಳೂರಿನಲ್ಲಿ ದುಡಿದು ದುಡ್ಡು ಕಳಿಸುತ್ತಾನೆ. ಕಳಿಸಿದ್ದಕ್ಕೆ ಲೆಕ್ಕವಿದೆ, ಎದ್ದ ರಾತ್ರಿಗಳಿಗೆ ಲೆಕ್ಕವಿಲ್ಲ. ನೇಕಾರರ ಮನೆಯಲ್ಲಾದರೆ ಕಂಡಿಕೆ ಸುತ್ತುವ ಹೆಂಗಸು ಹಾಸಿಗೆಯ ಪಕ್ಕ ಕೂತರೆ ಮಗ್ಗವೂ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ.

‘ಏನಾದ್ರೂ ಬೇಕಾದ್ರೆ ಹೇಳಮ್ಮ’ ಎನ್ನುವವರು ಹತ್ತು ಜನ ಇರುತ್ತಾರೆ. ಯಾರೂ ಹೇಳುವುದಿಲ್ಲ, ಯಾರೂ ಮಾಡುವುದಿಲ್ಲ. ಅದಕ್ಕೆ ಕಾರಣ ಮನಸ್ಸಿಲ್ಲದಿರುವುದಲ್ಲ, ಏನು ಮಾಡಬೇಕೆಂದು ಗೊತ್ತಿಲ್ಲದಿರುವುದು. ಕೆಲಸವನ್ನು ತುಂಡು ಮಾಡಿ, ಹೆಸರು ಹಿಡಿದು, ವಾರ ಹೇಳಿ ಹಂಚಿ:

– ವಾರಕ್ಕೆ ಕನಿಷ್ಠ ಎರಡು ರಾತ್ರಿ ಮುಖ್ಯವಾಗಿ ನೋಡಿಕೊಳ್ಳುವವರು ಬೇರೆ ಕೋಣೆಯಲ್ಲಿ ಮಲಗಬೇಕು. ಆ ರಾತ್ರಿ ಯಾರದು ಎಂದು ಮೊದಲೇ ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾದ ತುಂಡು ಇದು.
– ದೂರದಲ್ಲಿರುವ ಮಗನಿಗೆ ಮಾತ್ರೆ ತರಿಸುವ, ಆಸ್ಪತ್ರೆಗೆ ಫೋನ್ ಮಾಡುವ, ಕಾಗದಪತ್ರ ನೋಡುವ ಹೊಣೆ. ಜೊತೆಗೆ ತಿಂಗಳಿಗೆ ಎರಡು ದಿನ ಬಂದು ತಾನೇ ಒರೆಸಿ, ಮಗ್ಗುಲು ಬದಲಿಸಿ ನೋಡಲಿ. ಆಮೇಲೆ ಅವನು ಫೋನಿನಲ್ಲಿ ಸಲಹೆ ಕೊಡುವ ರೀತಿಯೇ ಬದಲಾಗುತ್ತದೆ.
– ನೋಡಲು ಬಂದ ನೆಂಟರಿಗೆ ಕಾಫಿ ಕಾಯಿಸಬೇಡಿ. “ಅತ್ತೆ, ಒಂದು ಗಂಟೆ ಕೂತಿರಿ, ನಾನು ಮಿಂದು ಬರ್ತೀನಿ” ಎನ್ನಿ.
– ಗಂಡಸರಿಗೆ ಗಂಡಸರನ್ನು ತೊಳೆದು ಒರೆಸುವ ಕೆಲಸ ಕಲಿಸಿ. ನಾಚಿಕೆ ಒಂದು ವಾರ ಇರುತ್ತದೆ.

ಬಿತ್ತನೆಗೆ, ಶೇಂಗಾ ಕೀಳುವ ಸುಗ್ಗಿಗೆ ಈ ಸರದಿ ಮುರಿಯುತ್ತದೆ. ಆ ವಾರಗಳಿಗೆ ಬೇರೆ ಊರಿನ ಮಗಳನ್ನೋ ತಂಗಿಯನ್ನೋ ಮೊದಲೇ ಕರೆಸಿಕೊಳ್ಳಿ. ಕರುಣಾಶ್ರಯದಂಥ ಕಡೆ ನೋವು ಹತೋಟಿಗೆ ತರಲು ಕೆಲವು ದಿನ ಸೇರಿಸಿಕೊಂಡು ಮನೆಗೆ ಕಳಿಸುವುದೂ ಉಂಟು. ಕ್ಯಾನ್ಸರ್ ರೋಗಿಯಾಗಿದ್ದು ಮನೆಯಲ್ಲಿ ಹಿಡಿತ ತಪ್ಪಿದ್ದರೆ, ಫೋನ್ ಮಾಡಿ ಕೇಳಿಕೊಂಡು ಹೋಗಿ.

ನೋಡಿಕೊಳ್ಳುವವರಿಗೆ ತಮ್ಮ ಬಿಪಿ, ಶುಗರ್ ಮಾತ್ರೆ ಮರೆತುಹೋಗುವುದು, ಸಣ್ಣದಕ್ಕೂ ಅಳು, ಊಟ ಸೇರದಿರುವುದು, ‘ಇವರು ಹೋದ್ರೆ ಸಾಕಪ್ಪ’ ಎಂಬ ಯೋಚನೆ ಬರುವುದು, ಇವೆಲ್ಲ ಆಯಾಸದ ಗುರುತು. ಆ ಯೋಚನೆ ಬಂದಿತೆಂದು ನೀವು ಕೆಟ್ಟವರಾಗುವುದಿಲ್ಲ. ಆದರೆ ‘ನಾನೇ ಇರಬಾರದು’ ಎನಿಸಿದರೆ ಆ ದಿನವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಎರಡೂ ಹೊತ್ತು, ಕನ್ನಡದಲ್ಲಿ ಮಾತಾಡುತ್ತಾರೆ. ರೋಗಿ ಹಾಗೆ ಅಂದರೂ ಇದೇ ನಂಬರು. ಕ್ರಿಮಿನಾಶಕದ ಡಬ್ಬಿಗಳನ್ನು ಆ ಮನೆಯಿಂದ ಆಚೆ ಇಡಿ.

7. ದುಡ್ಡು, ಕಾಗದ

ಮತ್ತೊಂದು ಆಸ್ಪತ್ರೆಗೆಂದು ಎಮ್ಮೆ ಮಾರುವ, ಒಡವೆ ಅಡವಿಡುವ ಮೊದಲು ವೈದ್ಯರನ್ನು ನೇರ ಕೇಳಿ: “ಈ ಚಿಕಿತ್ಸೆಯಿಂದ ಇವರಿಗೆ ಏನು ಸಿಗುತ್ತೆ? ಎಷ್ಟು ದಿನ, ಆ ದಿನ ಹೇಗಿರುತ್ತೆ? ನಿಮ್ಮ ತಂದೆಯಾಗಿದ್ದರೆ ಏನು ಮಾಡ್ತಿದ್ರಿ?” ಸಾಲ ಮಾಡುವುದು ಪ್ರೀತಿಯ ಅಳತೆಯಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮನೆಯಲ್ಲಿ ಬೇಕಾಗುವ ಡಯಾಪರ್, ಏರ್ ಬೆಡ್, ಕಾರಿನ ಬಾಡಿಗೆ ಇದರಲ್ಲಿ ಬರುವುದಿಲ್ಲ. ಕೈಯಲ್ಲಿರುವ ದುಡ್ಡನ್ನು ಅದಕ್ಕೆ ಉಳಿಸಿಕೊಳ್ಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಯವರೊಬ್ಬರಿಗೆ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು.

ರೋಗಿಗೆ ಸಹಿ ಹಾಕುವ ಶಕ್ತಿ ಇರುವಾಗಲೇ ಬ್ಯಾಂಕ್ ನಾಮಿನಿ, ಪಿಂಚಣಿ, ವಿಮೆ, ಪಹಣಿ ನೋಡಿಕೊಳ್ಳಿ. ಇದು ಆಸೆಬುರುಕತನ ಅಲ್ಲ. ಆಮೇಲೆ ಪೌತಿ ಖಾತೆಗೆ ತಿರುಗುವವಳು ಅದೇ ಸುಸ್ತಾದ ಹೆಂಗಸು.

ವೆಂಟಿಲೇಟರ್ ಬೇಡ ಎನ್ನುವ ಹಕ್ಕೂ ರೋಗಿಗಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದನ್ನು ಒಪ್ಪಿ, 2023ರ ಜನವರಿಯಲ್ಲಿ ವಿಧಾನ ಸರಳಗೊಳಿಸಿತು: ತಮ್ಮ ಇಚ್ಛೆಯನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಮಾಡಿಸಿದರೆ ಸಾಕು. ಕರ್ನಾಟಕ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದವರು. ಈ ಹಕ್ಕು ಎಂದರೆ ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ. ಅದು ನಮ್ಮಲ್ಲಿ ಅಪರಾಧ. ಪ್ರಯೋಜನವಿಲ್ಲದ ಯಂತ್ರವನ್ನು ಬೇಡವೆನ್ನುವುದು ಮಾತ್ರ.

ಸಾಮಾನ್ಯವಾಗಿ ಆಗುವ ತಪ್ಪುಗಳು

– ನೋವು ಕಡಿಮೆಯಾಯಿತೆಂದು ಮಾತ್ರೆ ನಿಲ್ಲಿಸುವುದು. ಕಡಿಮೆಯಾದದ್ದು ಮಾತ್ರೆಯಿಂದ.
– ‘ಹಸುರು ಔಷಧ ಒಂದೇ ಸಾಕು’ ಎಂದವರ ಮಾತಿಗೆ ಮಾರ್ಫಿನ್ ಬಿಡುವುದು. ದೇವರ ಪೂಜೆ, ಹರಕೆ, ನಾಟಿ ಎಣ್ಣೆ ನಿಮ್ಮಿಷ್ಟ, ಆದರೆ ಗಡಿಯಾರದ ಮಾತ್ರೆಯ ಜೊತೆಗೆ.
– ತೆರೆದ ಗಾಯಕ್ಕೆ ಸುಣ್ಣ, ಸೀಮೆಎಣ್ಣೆ, ಬೂದಿ ಹಾಕುವುದು.
– ಮಂಪರಿನಲ್ಲಿರುವವರನ್ನು ಮಲಗಿಸಿಯೇ ಬಾಯಿಗೆ ನೀರು ಸುರಿಯುವುದು. ಅದು ಶ್ವಾಸಕೋಶಕ್ಕೆ ಹೋಗುತ್ತದೆ.
– ‘ಆ ಡಾಕ್ಟರಿಗೆ ತೋರಿಸಿದ್ರೆ ಬದುಕ್ತಿದ್ರು’ ಎಂದು ಹಾಸಿಗೆಯ ಪಕ್ಕದಲ್ಲೇ ಹೇಳುವುದು. ಇದನ್ನು ಹೇಳುವವರು ಯಾವತ್ತೂ ರಾತ್ರಿ ಉಳಿಯುವುದಿಲ್ಲ.
– ಮಕ್ಕಳನ್ನು ಕೋಣೆಗೆ ಬಿಡದಿರುವುದು. ಕ್ಯಾನ್ಸರ್ ಅಂಟುರೋಗವಲ್ಲ. ಬಂದು ಕೈ ಹಿಡಿದು ಹೋಗಲಿ.

ಕೊನೆಯ ದಿನಗಳಲ್ಲಿ

ದಿನದ ಹೆಚ್ಚು ಹೊತ್ತು ನಿದ್ದೆ, ನೀರೂ ಬೇಡವೆನ್ನುವುದು, ಕೈಕಾಲು ತಣ್ಣಗಾಗುವುದು, ಉಸಿರಿನ ನಡುವೆ ಬಿಡುವು, ಗಂಟಲಲ್ಲಿ ಗೊರಗೊರ ಇವೆಲ್ಲ ಸಾವು ಹತ್ತಿರವಾದ ಲಕ್ಷಣ. ಗೊರಗೊರ ಕೇಳಲು ಭಯವಾಗುತ್ತದೆ, ಆದರೆ ಅರೆಪ್ರಜ್ಞೆಯಲ್ಲಿರುವವರಿಗೆ ಅದರಿಂದ ಅಷ್ಟು ಸಂಕಟವಿರುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿ. ತೀರ್ಥ ಹಾಕುವುದಿದ್ದರೆ ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಿ, ಸಾಕು. ಕೇಳಿಸಿಕೊಳ್ಳುವ ಶಕ್ತಿ ಕೊನೆಯವರೆಗೂ ಉಳಿದಿರಬಹುದು, ಆದ್ದರಿಂದ ಆಸ್ತಿಯ ಜಗಳ ಆ ಕೋಣೆಯಲ್ಲಿ ಬೇಡ. ಮಾತ್ರೆ ನುಂಗಲು ಆಗದಿದ್ದರೆ ನೋವಿನ ಔಷಧವನ್ನು ಬೇರೆ ಹೇಗೆ ಕೊಡಬಹುದೆಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ನಿಲ್ಲಿಸಿಬಿಡಬೇಡಿ.

108ಕ್ಕೆ ಕರೆ ಮಾಡುವುದೋ ಬೇಡವೋ ಎಂಬುದನ್ನು ಮನೆಯವರು ಮೊದಲೇ ಕೂತು ತೀರ್ಮಾನಿಸಿ. ಆಂಬುಲೆನ್ಸ್ ಬಂದರೆ ಆಸ್ಪತ್ರೆಗೇ ಹೋಗುತ್ತದೆ. ಮನೆಯಲ್ಲೇ ಇರಬೇಕೆಂಬುದು ರೋಗಿಯ ಆಸೆಯಾಗಿದ್ದರೆ ಅದನ್ನು ಎಲ್ಲರೂ ಕೇಳುವಂತೆ ಒಂದು ಸಲ ಹೇಳಿಸಿ. ಹಠಾತ್ ರಕ್ತಸ್ರಾವ, ಬಿಡದ ಫಿಟ್ಸ್, ಹೊಸದಾಗಿ ಕಾಲು ಸ್ವಾಧೀನ ತಪ್ಪುವುದು ಇಂಥವಕ್ಕೆ ಮಾತ್ರ, ಇನ್ನೂ ಓಡಾಡುತ್ತಿರುವ ರೋಗಿಯಾದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ತೀರಿಕೊಂಡರೆ 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ನೋಡಿಕೊಂಡ ವೈದ್ಯರಿಂದ ಮರಣದ ಕಾರಣದ ಪತ್ರ, ಡಿಸ್ಚಾರ್ಜ್ ಸಮ್ಮರಿ, ಆಧಾರ್ ಇಟ್ಟುಕೊಂಡು ಗ್ರಾಮ ಪಂಚಾಯ್ತಿಯಲ್ಲೋ ಪಟ್ಟಣವಾದರೆ ನಗರಸಭೆ, ಪಟ್ಟಣ ಪಂಚಾಯ್ತಿಯಲ್ಲೋ ವಿಚಾರಿಸಿ. ಉಳಿದ ಮಾರ್ಫಿನ್ ಮಾತ್ರೆಯನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ಹಿಂತಿರುಗಿಸಿ. ಏರ್ ಬೆಡ್, ವೀಲ್ ಚೇರ್ ಇದ್ದರೆ ಊರಿನಲ್ಲಿ ಇನ್ನೊಂದು ಮನೆಗೆ ಬೇಕಾಗಿರುತ್ತದೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ತಿಥಿ ಮುಗಿದ ಮೇಲೆ, ನೋಡಿಕೊಂಡವರನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಪಿ, ಶುಗರ್, ರಕ್ತದ ಪರೀಕ್ಷೆ ಮಾಡಿಸಿ. ಅವರಾಗಿ ಹೋಗುವುದಿಲ್ಲ.